ಬ್ರೇಕ್ ಮೊದಲು, ಬಣ್ಣ ಕೊನೆಗೆ

ಮಣ್ಣಗುಡ್ಡ, ಮಂಗಳೂರು
ತಾ. 3 ಸೆಪ್ಟೆಂಬರ್ 1961

ಬಹ್ರೇನಿನ ಎಣ್ಣೆ ಕಂಪನಿಯನ್ನು ಒಬ್ಬನೇ ಹೆಗಲ ಮೇಲೆ ಹೊತ್ತಿರುವ ಪ್ರೀತಿಯ ಲಿಗೋರಿ ಪೊರ್ಬುಗಳಿಗೆ,

ದುಗ್ಗಪ್ಪನ ನಮಸ್ಕಾರ. ನಾವೆಲ್ಲ ಸೌಖ್ಯ, ನೀನೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಬೈಯುವುದಿದ್ದರೆ ನನಗೆ ಬೈಯಬೇಡ, ಶಾಯಿ ಮಾಡುವವರಿಗೆ ಬೈ. ಎರಡು ಸಲ ಬರೆಯಲು ಕೂತೆ. ಈಗಿನ ಶಾಯಿಯಲ್ಲಿ ಬರೀ ನೀರು, ಬರೆದದ್ದು ಬರೆದವನಿಗೇ ಕಾಣುವುದಿಲ್ಲ. ಇನ್ನೊಂದು ಕಷ್ಟವೂ ಉಂಟು. ಹುಟ್ಟಿದಂದಿನಿಂದ ತುಳುವಿನಲ್ಲಿ ಜಗಳವಾಡಿದ ನಾವು ಕಾಗದ ಮಾತ್ರ ಕನ್ನಡದಲ್ಲಿ ಬರೆಯುವುದರಿಂದ, ನಿನಗೆ ಬೈಯಲು ಹೊರಟರೆ ಶಾಲೆಯ ಮಾಸ್ತರರು ಹಿಂದೆ ನಿಂತ ಹಾಗಾಗಿ ಕೈ ತಡೆಯುತ್ತದೆ.

ಜೂಲಿಯ ಮದುವೆ ನಿಶ್ಚಯವಾದದ್ದನ್ನು ತೆರೆಸಾಬಾಯಿ ತಾವೇ ಬಂದು ಹೇಳಿದರು. ನಿನ್ನ ಹೆಂಡತಿಗೆ ಅಷ್ಟು ಸಂತೋಷವಾದದ್ದನ್ನು ನಾನು ಕಂಡಿಲ್ಲ, ನಿನ್ನನ್ನು ಮದುವೆಯಾಗುವಾಗ ಕೂಡ. ಹುಡುಗನ ಊರು ಜೆಪ್ಪು, ಮದುವೆ ಅಲ್ಲಿಯ ಇಗರ್ಜಿಯಲ್ಲಿ, ನವೆಂಬರ್ ತಿಂಗಳಲ್ಲಿ. ನಿನಗೆ ರಜೆ ಇಲ್ಲವೆಂದು ಹೇಳುವಾಗ ಮಾತ್ರ ಅವರ ಸ್ವರ ಸಣ್ಣದಾಯಿತು. ಒಬ್ಬಳೇ ಮಗಳ ಮದುವೆಗೆ ರಜೆ ಕೊಡದ ಆ ಕಂಪನಿಯ ಎಣ್ಣೆಯನ್ನು ನಮ್ಮ ಕಾರಿಗೆ ಹಾಕಬಾರದು ಎಂದು ಮುದ್ದು ಅಂದಳು. ನಮ್ಮ ಮನೆಯವಳ ಸಿಟ್ಟು ನಿನಗೆ ಗೊತ್ತಲ್ಲ.

ನೀನು ನನ್ನಲ್ಲಿ ಕೇಳಿದ್ದು ಎರಡೇ. ಒಂದು, ಜೂಲಿ ನಮ್ಮ ಕಾರಿನಲ್ಲೇ ಇಗರ್ಜಿಗೆ ಹೋಗಬೇಕು, ನೀನಿಲ್ಲದಿದ್ದರೂ ನಿನ್ನ ಪಾಲಿನ ಅರ್ಧ ಕಾರಾದರೂ ಅಲ್ಲಿರಬೇಕು. ಎರಡು, ಆ ದಿನ ಅವಳು ಹೇಗೆ ಕಂಡಳು ಎಂದು ನಾನು ನನ್ನ ಕಣ್ಣಿಂದ ನೋಡಿ ನಿನಗೆ ಬರೆಯಬೇಕು. ಹೆಂಗಸರು ಬಟ್ಟೆಯ ವಿಷಯ ಬರೆಯುತ್ತಾರೆ, ನೀನು ಮುಖದ ವಿಷಯ ಬರೆ ಎಂದಿದ್ದೀ. ಎರಡಕ್ಕೂ ನನ್ನ ಮಾತು ಕೊಟ್ಟಿದ್ದೇನೆ. ಎರಡನೆಯದು ಸುಲಭ. ಮೊದಲನೆಯದರ ಕತೆ ಕೇಳು.

ನಮ್ಮ ಕಾರು ಮೇಡಮ್ಮನಿಗೆ ಈಗ ಇಪ್ಪತ್ತೈದು ವರ್ಷ. ಕಾಫಿ ತೋಟದ ದೊರೆಸಾನಿಯಿಂದ ನಾವಿಬ್ಬರು ಅವಳನ್ನು ಕೊಂಡಾಗಲೇ ಅರ್ಧ ಆಯುಷ್ಯ ಮುಗಿದಿತ್ತು. ಮೈಲಿನ ಮೀಟರು ಲಕ್ಷ ದಾಟಿ, ಸೊನ್ನೆಯಿಂದ ಎಣಿಸಿ, ಮತ್ತೆ ಲಕ್ಷ ದಾಟಿ, ಕೊನೆಗೆ ಬೇಸತ್ತು ನಿಂತುಬಿಟ್ಟಿದೆ. ಬ್ರೇಕು ಪ್ರಾರ್ಥನೆ ಮಾಡಿದರೆ ಹಿಡಿಯುತ್ತದೆ. ಸ್ಟೇರಿಂಗು ಅರ್ಧ ಸುತ್ತು ತಿರುಗಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ. ರೇಡಿಯೇಟರ್ ಸೋರುವುದಕ್ಕೆ ಅರಸಿನ ಪುಡಿ ಹಾಕಿ ಓಡಿಸುತ್ತಿದ್ದೇನೆ. ಹೊರಗಿನ ಕಪ್ಪು ಬಣ್ಣ ಸುಟ್ಟ ಹಪ್ಪಳದ ಹಾಗೆ ಎದ್ದಿದೆ.

ಇನ್ನೊಂದು ಹೇಳದಿದ್ದರೆ ತೆರೆಸಾಬಾಯಿ ಹೇಳಿಯೇ ಹೇಳುತ್ತಾರೆ. ಮಳೆಗಾಲದಲ್ಲಿ ಬಾಡಿಗೆಗೆ ಜನ ಇಲ್ಲ, ಹಾಗಾಗಿ ಬಂದರಿನಿಂದ ಬಂಟ್ವಾಳಕ್ಕೆ ಒಣಮೀನಿನ ಗೋಣಿ ಸಾಗಿಸಿದೆ. ಹಿಂದಿನ ಸೀಟಿನೊಳಗೆ ತುಂಬಿದ್ದು ತೆಂಗಿನ ನಾರು, ಅದು ವಾಸನೆಯನ್ನು ಕುಡಿದು ಕೂತಿದೆ. ಏರು ಹತ್ತುವಾಗ ಅರಸಿನ ಕುದಿಯುತ್ತದೆ, ಹಿಂದಿನಿಂದ ಒಣಮೀನು ಪರಿಮಳಿಸುತ್ತದೆ. ಮೊನ್ನೆ ಕೋರ್ಟಿಗೆ ಹೋಗುವ ವಕೀಲರೊಬ್ಬರು ಬಾವುಟಗುಡ್ಡೆ ಹತ್ತುವಷ್ಟರಲ್ಲಿ ತನಗೆ ಊಟದ ಹಸಿವಾಯಿತು ಎಂದರು.

ಈಗ ಏನು ಮೊದಲು, ಏನು ಆಮೇಲೆ ಎಂದು ನಾಲ್ಕು ಜನರ ನಾಲ್ಕು ಮಾತು. ತೆರೆಸಾಬಾಯಿಗೆ ಬಣ್ಣ ಮೊದಲು, ನೆಂಟರು ನೋಡುವುದು ಅದನ್ನೇ. ಮುದ್ದುವಿಗೆ ಸೀಟು ಮೊದಲು, ಮದುಮಗಳು ಒಣಮೀನಿನ ಮೇಲೆ ಕೂತು ಹೋಗಬಾರದು. ಬಂದರಿನ ಮೆಕ್ಯಾನಿಕ್ ಅಲಿಯಬ್ಬನಿಗೆ ಇಂಜಿನ್ ಬಿಚ್ಚುವುದು ಮೊದಲು, ಅವನಿಗೆ ನೆಗಡಿ ಬಂದರೂ ಇಂಜಿನ್ ಬಿಚ್ಚುವುದೇ ಮದ್ದು. ತೆರೆಸಾಬಾಯಿಯ ಅಣ್ಣ ಕಜೆಟನ್ ಇದ್ದಾರಲ್ಲ, ಅವರಿಗೆ ಕಾರೇ ಬೇಡ. ಗುರ್ತದವರಲ್ಲಿ ಹೊಸ ಅಂಬಾಸಿಡರ್ ಉಂಟು, ಮದುವೆಗೆ ಮುಂಚಿನ ರೋಸಿನ ಶಾಸ್ತ್ರದ ಹಿಂದಿನ ಭಾನುವಾರ ಬಂದು ನೋಡುತ್ತೇನೆ, ಈ ಡಬ್ಬ ಸರಿಯಾಗದಿದ್ದರೆ ಅಂಬಾಸಿಡರೇ ಬರುತ್ತದೆ ಎಂದು ಖಡಾಖಂಡಿತ ಹೇಳಿ ಹೋಗಿದ್ದಾರೆ.

ನಾನು ಯಾರ ಮಾತೂ ಕೇಳಲಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ತಪ್ಪಿ ನೀನು ಹಾರಿ ಚಕ್ರಕ್ಕೆ ಕಲ್ಲು ಕೊಟ್ಟೆಯಲ್ಲ, ಆ ದಿನ ಘಾಟಿಯ ಬದಿಯಲ್ಲಿ ಕೂತು ನಾವಿಬ್ಬರು ಮಾಡಿದ ಕಾನೂನು ನೆನಪುಂಟಾ? ನಿಲ್ಲುವುದು ಮೊದಲು, ತಿರುಗುವುದು ಆಮೇಲೆ, ಓಡುವುದು ಅದರ ನಂತರ, ಹೊಳೆಯುವುದು ಕೊನೆಗೆ. ನೀನು ಬಣ್ಣಕ್ಕೆಂದು ಕಳಿಸಿದ ದುಡ್ಡನ್ನು ಬ್ರೇಕಿಗೆ ಕೊಟ್ಟಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಜನ ನಾವಲ್ಲ. ಉಳಿದದ್ದರಲ್ಲಿ ಬಣ್ಣವೂ ಆಗುತ್ತದೆ, ಹೆದರಬೇಡ.

ಇಂತಿ ನಿನ್ನ,
ದುಗ್ಗಪ್ಪ

ಮಣ್ಣಗುಡ್ಡ
ತಾ. 8 ಅಕ್ಟೋಬರ್ 1961

ಪ್ರೀತಿಯ ಲಿಗೋರಿ,

ಸಾಲುಗಳು ಓರೆಯಾಗಿದ್ದರೆ ನಗಬೇಡ. ನಮ್ಮ ಓಣಿಯ ಕರೆಂಟಿಗೆ ಶಕ್ತಿಯೇ ಇಲ್ಲ, ಬಲ್ಬು ಕೆಂಪು ಮೆಣಸಿನ ಹಾಗೆ ಉರಿಯುತ್ತದೆ. ಬಲ್ಬು ಬದಲಿಸಿದೆ, ಅದೂ ಹಾಗೆಯೇ.

ಸಂತೋಷದ ಸುದ್ದಿ ಮೊದಲು. ಬ್ರೇಕಿಗೆ ಹೊಸ ಲೈನಿಂಗ್ ಆಯಿತು, ಸ್ಟೇರಿಂಗು ಬಿಗಿಯಾಯಿತು. ಅಲಿಯಬ್ಬನ ಶೆಡ್ಡಿನೆದುರು ಬ್ರೇಕು ಪರೀಕ್ಷೆ ಮಾಡಿದಾಗ ಮೇಡಮ್ಮ ಎಂಥ ಚಂದ ನಿಂತಳೆಂದರೆ, ಹಿಂದಿನ ಸೀಟಿನಲ್ಲಿ ಬೀಡಿ ಹಚ್ಚುತ್ತಿದ್ದ ಅಲಿಯಬ್ಬ ಮುಂದಿನ ಸೀಟಿಗೆ ಬಂದ. ರೇಡಿಯೇಟರಿಗೆ ಬೆಸುಗೆ ಹಾಕಿಸಿದೆ, ಇನ್ನು ಅರಸಿನ ಅಡಿಗೆಮನೆಯಲ್ಲೇ ಇರುತ್ತದೆ. ಇಂಜಿನ್ ಬಿಚ್ಚಲು ಬಿಡಲಿಲ್ಲ. ಎರಡು ದಿನ ಅವನು ನನ್ನಲ್ಲಿ ಮಾತಾಡಲಿಲ್ಲ, ಮೂರನೇ ದಿನ ತಾನೇ ಚಹಾ ತರಿಸಿದ.

ಸೀಟಿನ ಕತೆ ಹೇಳಿದರೆ ನೀನು ಅಲ್ಲಿಂದ ನಡೆದುಕೊಂಡೇ ಬಂದೀಯ. ಮುದ್ದು ಮೊದಲು ಸಾಬೂನು ನೀರು ಹಾಕಿ ತಿಕ್ಕಿದಳು. ಆಮೇಲೆ ಹುರಿದ ಕಾಫಿ ಪುಡಿ ಚೆಲ್ಲಿದಳು. ಅದನ್ನು ನೋಡಿದ ತೆರೆಸಾಬಾಯಿ ಇಗರ್ಜಿಯ ಧೂಪ ತಂದು, ಎಲ್ಲ ಕಿಟಕಿ ಮುಚ್ಚಿ ಒಳಗೆ ಹೊಗೆ ಹಾಕಿಸಿದರು. ಬಾಗಿಲು ತೆರೆದಾಗ ಒಣಮೀನು ಹೋಗಿರಲಿಲ್ಲ, ಧೂಪವೂ ಸೇರಿಕೊಂಡಿತ್ತು. ಬಂದರಿನ ಮಧ್ಯೆ ಪೂಜೆ ನಡೆದ ಹಾಗೆ ಇತ್ತು. ನಮ್ಮ ಮಗಳು ಕಿನ್ನಿ ಮೂಗು ಮುಚ್ಚಿಕೊಂಡು, ಸೀಟು ಹರಿದು ನಾರು ಬಿಸಾಡಿ ಹೊಸ ನಾರು ತುಂಬಿಸಬಾರದಾ ಎಂದಳು. ದೊಡ್ಡವರು ಮೂರು ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಈಗ ಹೊಸ ನಾರು, ಮೇಲೆ ಬಿಳಿ ದಪ್ಪ ಬಟ್ಟೆ.

ಇನ್ನು ಸ್ವಲ್ಪ ಕಹಿ. ಸರಿಯಾದ ಕಾರನ್ನು ತೋರಿಸುವಾ ಎಂದು ನಾನೇ ಮುಂಚಿತವಾಗಿ ಕಜೆಟನರನ್ನು ಕೂರಿಸಿಕೊಂಡು ಬಿಜೈಯ ನಿನ್ನ ಮನೆಗೆ ಹೋದೆ. ನಿನ್ನ ಗೇಟಿನ ಎಡಗಡೆಯ ಕಂಬವನ್ನು ಯಾರೋ ಒಳಗೆ ಸರಿಸಿ ಕಟ್ಟಿದ್ದಾರೆ. ಮಡ್ಗಾರ್ಡು ತಾಗಿತು. ಕಜೆಟನ್ ಇಳಿದು ಕಂಬವನ್ನು ನೋಡಿ, ಮಡ್ಗಾರ್ಡನ್ನು ನೋಡಿ, ಒಳಗೆ ಹೋಗಿ ಅಂಬಾಸಿಡರಿನವರಿಗೆ ಚೀಟಿ ಬರೆದರು. ಮಾತಾಡದೆ ಜಗಳವಾಡುವುದು ನಿನ್ನ ಬಾವನಿಗೆ ಹುಟ್ಟಿನಿಂದ ಬಂದ ವಿದ್ಯೆ.

ತಪ್ಪು ನನ್ನದಲ್ಲ, ಮುಂದಿನ ಗ್ಲಾಸಿನದು. ಇಪ್ಪತ್ತೈದು ವರ್ಷದ ಗ್ಲಾಸು, ಹಳದಿ ಕಟ್ಟಿ ಮಂಜು ಹಿಡಿದಿದೆ. ಎದುರಿನಿಂದ ಬಿಸಿಲು ಬಂತೆಂದರೆ ರಸ್ತೆಯೇ ಕಾಣುವುದಿಲ್ಲ. ಅಲಿಯಬ್ಬ ಒಳಗೆ ಕೂತು ನೋಡಿ ಹೇಳಿದ, "ಗ್ಲಾಸಿಗೆ ಎಂತ ಆಗಿದೆ ದುಗ್ಗಣ್ಣ? ನನಗೆ ಆಚೆ ದಡದ ಬೆಂಗ್ರೆಯ ದೋಣಿ ಸಹ ಕಾಣ್ತದೆ." ಮುದ್ದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಬಣ್ಣಕ್ಕೆ ಇಟ್ಟದ್ದರಲ್ಲಿ ಮುಕ್ಕಾಲು ಪಾಲು ಹಾಕಿ ಹೊಸ ಗ್ಲಾಸ್ ಕೂರಿಸಿದೆ. ನಮ್ಮ ಕಾನೂನಿನಲ್ಲಿ ಗ್ಲಾಸು ಎಲ್ಲಿ ಬರುತ್ತದೆಂದು ನೀನು ಕೇಳಬಹುದು. ಕಾಣದಿದ್ದರೆ ನಿಲ್ಲುವುದು ಹೇಗೆ, ನೀನೇ ಹೇಳು.

ಹೊಸ ಗ್ಲಾಸು ಚೆನ್ನಾಗಿಯೇ ಉಂಟು. ಆದರೆ ಈ ಸಲ ಮಳೆಗಾಲದ ಸೋಣ ತಿಂಗಳು ಮುಗಿದರೂ ಊರಿನಲ್ಲಿ ಮಂಜು ಬಹಳ.

ಬಣ್ಣ ಒಂದು ಕಡೆಗೆ ಆಗುವಷ್ಟು ಮಾತ್ರ ಬಾಕಿಯುಂಟು. ಅದಕ್ಕೂ ಒಂದು ಉಪಾಯ ಹೊಳೆದಿದೆ, ಮದುವೆ ಆದ ಮೇಲೆ ಬರೆಯುತ್ತೇನೆ. ಅಂಬಾಸಿಡರನ್ನು ಬರಲು ಬಿಡುವುದಿಲ್ಲ ಎಂಬುದನ್ನು ಮಾತ್ರ ನಂಬು. ಜೂಲಿ ಮೊನ್ನೆ ನಮ್ಮಲ್ಲಿಗೆ ಬಂದು, ಮಾಮ, ಕಜೆಟನ್ ಮಾಮ ಎಂತ ಬೇಕಾದರೂ ಹೇಳಲಿ, ನಾನು ಪಪ್ಪನ ಕಾರಿನಲ್ಲೇ ಬರುವುದು ಎಂದು ಹೇಳಿ ಹೋಗಿದ್ದಾಳೆ.

ನಿನ್ನ ದುಗ್ಗಪ್ಪ

ಮಣ್ಣಗುಡ್ಡ
ತಾ. 12 ನವೆಂಬರ್ 1961

ಪ್ರೀತಿಯ ಲಿಗೋರಿ,

ಅಕ್ಷರ ಇಷ್ಟು ದುಂಡಗಿರುವುದನ್ನು ನೋಡಿ ನಾನು ಸತ್ತೆನೆಂದು ತಿಳಿಯಬೇಡ. ಇದು ಕಿನ್ನಿಯ ಕೈಬರಹ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಬುಧವಾರ ನಿನ್ನ ಮಗಳ ಮದುವೆ ಚಂದದಲ್ಲಿ ಆಯಿತು. ನಮ್ಮ ಕಾರಿನಲ್ಲೇ ಹೋದಳು. ಇದನ್ನು ಮೊದಲು ಬರೆಸಿದ್ದೇನೆ, ನೀನು ಉಳಿದದ್ದನ್ನು ಸಮಾಧಾನದಲ್ಲಿ ಓದಬೇಕು.

ರೋಸಿನ ಹಿಂದಿನ ಭಾನುವಾರ ಕಜೆಟನ್ ಹೇಳಿದ ಹಾಗೆಯೇ ಕಾರು ನೋಡಲು ಬಂದರು. ನಮ್ಮ ಮನೆಯೆದುರು ಕಾರಿನ ಬಲಬದಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿದ್ದೆ. ಎಡಬದಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಯಾಕೆಂದರೆ ಇದ್ದ ಬಣ್ಣವನ್ನೆಲ್ಲ ನಾವು ಆ ಒಂದೇ ಬದಿಗೆ ಹೊಡೆದಿದ್ದೆವು. ಮದುಮಗಳು ಇಳಿಯುವುದು ಎಡಬದಿಯಲ್ಲಿ, ಜನ ನಿಲ್ಲುವುದು ಅಲ್ಲಿ, ಬಲಬದಿಯನ್ನು ನೋಡಲು ಯಾರಿಗೆ ಪುರುಸೊತ್ತುಂಟು? ಕಜೆಟನ್ ಸುತ್ತು ಬರಲು ಹೊರಟರು. ಮುದ್ದು ಅರ್ಧ ದಾರಿಯಲ್ಲೇ ಅವರಿಗೆ ನೀರುದೋಸೆ, ಕೋಳಿಸಾರು ತಂದಿಟ್ಟಳು. ಅವರು ಸುತ್ತು ಬರಲಿಲ್ಲ. ಅಂಬಾಸಿಡರಿನವರಿಗೆ ಬೇಡವೆಂದು ಚೀಟಿ ಹೋಯಿತು.

ಬುಧವಾರ ಬೆಳಿಗ್ಗೆ ನಾನು ಬಿಳಿ ಮುಂಡು, ಬಿಳಿ ಶರ್ಟು ಹಾಕಿ ಹೊರಟೆ. ಪಕ್ಕದಲ್ಲಿ ಅಲಿಯಬ್ಬ, ಹೊಸ ಟೊಪ್ಪಿ, ತೊಡೆಯ ಮೇಲೆ ಸ್ಪಾನರಿನ ಚೀಲ. ಹಿಂದೆ ಮುದ್ದು ಮತ್ತು ಕಿನ್ನಿ, ಅವರ ಮಡಿಲಲ್ಲಿ ಮಲ್ಲಿಗೆಯ ಬುಟ್ಟಿ. ಲೇಡಿಹಿಲ್ಲಿನ ತಿರುವಿನಲ್ಲಿ ಎದುರು ಬಿಸಿಲು. ಒಮ್ಮೆಲೇ ಮುದ್ದು ಕಿರುಚಿದಳು. ಕಾಲು ತಾನಾಗಿ ಬ್ರೇಕ್ ತುಳಿಯಿತು. ಮೇಡಮ್ಮ ನೆಟ್ಟ ಕಂಬದ ಹಾಗೆ ನಿಂತಳು. ಬುಟ್ಟಿಯ ಮಲ್ಲಿಗೆಯೆಲ್ಲ ನನ್ನ ತಲೆಯ ಮೇಲೆ. ಆಗ ನೋಡಿದರೆ ಬಂಪರಿನಿಂದ ಒಂದು ಮೊಳ ದೂರದಲ್ಲಿ ಬಿಳಿ ಬಟ್ಟೆಯ ಒಬ್ಬರು ಸಿಸ್ಟರ್, ಕೈಯಲ್ಲಿ ಕೊಡೆ ಹಿಡಿದು ನಿಂತಿದ್ದಾರೆ. ಅವರು ರಸ್ತೆ ದಾಟಲು ತೊಡಗಿ ಎಷ್ಟೋ ಹೊತ್ತಾಗಿತ್ತಂತೆ. ನನಗೆ ಬಿಸಿಲಲ್ಲದೆ ಬೇರೆ ಏನೂ ಕಂಡಿರಲಿಲ್ಲ.

ಸಿಸ್ಟರ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ನಮ್ಮ ಮಲ್ಲಿಗೆ ನೋಡಿ, ಮದುವೆಯಾ ಎಂದು ಕೇಳಿ, ದೇವರು ಒಳ್ಳೆಯದು ಮಾಡಲಿ ಎಂದು ಹೇಳಿ ಹೋದರು. ನೀನು ಕಳಿಸಿದ್ದನ್ನು ಬಣ್ಣಕ್ಕೆ ಹಾಕಿದ್ದರೆ ಆ ದಿನ ಜೂಲಿಯ ಮದುವೆ ಎಂಥ ದಿನವಾಗುತ್ತಿತ್ತೋ, ನೆನೆಸಲು ಹೆದರಿಕೆಯಾಗುತ್ತದೆ.

ಅಲಿಯಬ್ಬ ತುಂಬ ಮೆಲ್ಲಗೆ ಹೇಳಿದ, "ದುಗ್ಗಣ್ಣ, ಗ್ಲಾಸಲ್ಲ."

ನಾನು ಕೀ ತೆಗೆದು ಅವನ ಕೈಗೆ ಕೊಟ್ಟೆ. ಹದಿನಾಲ್ಕು ವರ್ಷದಲ್ಲಿ ನೀನು, ನಾನು ಅಲ್ಲದೆ ಬೇರೆಯವರು ಹಿಡಿಯದ ಸ್ಟೇರಿಂಗನ್ನು ಅವನು ಬಿಸ್ಮಿಲ್ಲಾ ಎಂದು ಹಿಡಿದ. ಇಂಜಿನ್ ಬಿಚ್ಚಲು ಬಿಡದ ಸಿಟ್ಟೆಲ್ಲ ಅವನಿಗೆ ಆ ಕ್ಷಣವೇ ಇಳಿದಿರಬೇಕು.

ಬಿಜೈಯಲ್ಲಿ ಇನ್ನೊಂದು ಗಲಾಟೆ. ಹಿಂದಿನ ಸೀಟಿನಲ್ಲಿ ಮದುಮಗಳ ಪಕ್ಕ ಅಪ್ಪನ ಜಾಗ, ನೀನಿಲ್ಲದ ಕಾರಣ ಸೋದರಮಾವ ಕಜೆಟನ್ ಕೂರುವುದೆಂದು ನಿಶ್ಚಯವಾಗಿತ್ತು. ನಾನು ಡ್ರೈವರನಲ್ಲ ಎಂದಾದ ಮೇಲೆ ನನಗೆ ಕಾರಿನಲ್ಲಿ ಕೆಲಸವೇ ಇರಲಿಲ್ಲ. ನಡೆದು ಬರುತ್ತೇನೆ ಎಂದು ಗೇಟಿನ ಕಂಬ ಹಿಡಿದು ನಿಂತೆ, ಆ ಕಂಬ ಮೊದಲಿನ ಜಾಗದಲ್ಲೇ ಇತ್ತು. ಆಗ ಜೂಲಿ ಮೆಟ್ಟಿಲು ಇಳಿದು ಬಂದು ಎಲ್ಲರೆದುರು ಹೇಳಿದಳು, "ಇಗರ್ಜಿಯ ಒಳಗೆ ಕಜೆಟನ್ ಮಾಮ ಕೈ ಹಿಡೀಲಿ. ಕಾರಿನಲ್ಲಿ ಪಪ್ಪನ ಜಾಗದಲ್ಲಿ ದುಗ್ಗಪ್ಪ ಮಾಮನೇ ಕೂರ್ಬೇಕು."

ಕಜೆಟನ್ ಬಾಯಿ ತೆರೆದರು, ತೆರೆಸಾಬಾಯಿ ಅವರನ್ನು ನೋಡಿದರು, ಅವರು ಮುಂದಿನ ಸೀಟಿಗೆ ಹೋಗಿ ಸ್ಪಾನರಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂತರು. ಹೀಗೆ ನಾನು ನಿನ್ನ ಜಾಗದಲ್ಲಿ ಕೂತೆ.

ನೀನು ಕೇಳಿದ್ದು ಅವಳ ಮುಖದ ವಿಷಯ. ಬರೆಸುತ್ತೇನೆ. ನೀನು ಕಳಿಸಿದ ಲೇಸನ್ನು ಕೊರಳಿನ ಸುತ್ತ ಮತ್ತು ತೋಳಿಗೆ ಹೊಲಿಸಿದ್ದಾರೆ. ಕಿವಿಯಲ್ಲಿ ನಿನ್ನ ತಾಯಿಯ ಮುತ್ತಿನ ಓಲೆ. ಹಣೆಯ ಮೇಲೆ ಒಂದೆಳೆ ಕೂದಲು ಎಷ್ಟು ಸರಿಸಿದರೂ ಬೀಳುತ್ತಿತ್ತು. ನಗುವಾಗ ನಿನ್ನ ಹಾಗೆಯೇ ಎಡಗೆನ್ನೆಗೆ ಮಾತ್ರ ಗುಳಿ. ಮನೆ ಬಿಡುವಾಗ ಕಣ್ಣಿನಲ್ಲಿ ನೀರು ತುಂಬಿತ್ತು, ಬೀಳಲು ಬಿಡಲಿಲ್ಲ. ಬಾವುಟಗುಡ್ಡೆ ಇಳಿಯುವಾಗ ಕಡಲು ಕಂಡದ್ದೇ ಅತ್ತ ತಿರುಗಿ ಹಂಪನಕಟ್ಟೆ ಬರುವವರೆಗೂ ನೋಡುತ್ತಿದ್ದಳು. ನೀನು ಆಚೆ ದಡದಲ್ಲಿದ್ದೀ ಎಂಬ ಲೆಕ್ಕ ಇರಬೇಕು.

ಅಲಿಯಬ್ಬ ಹೆಣದ ಗಾಡಿಯ ಹಾಗೆ ನಿಧಾನ ಬಿಟ್ಟ. ಸೈಕಲಿನವರೆಲ್ಲ ನಮ್ಮನ್ನು ದಾಟಿ ಹೋದರು. ಇಗರ್ಜಿಯೆದುರು ಎಡಬದಿ ಮೆಟ್ಟಿಲಿಗೆ ಬರುವ ಹಾಗೆ ನಿಲ್ಲಿಸಿದ, ಜನ ಕಾರನ್ನು ನೋಡಿ ಬೆರಗಾದರು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ತಿರುಗಿಸದೆ ಉಪಾಯವಿರಲಿಲ್ಲ. ಬಲಬದಿ ಪ್ರತ್ಯಕ್ಷವಾಯಿತು. ಹುಡುಗನ ಅಜ್ಜ ಕಜೆಟನರನ್ನು ಕರೆದು, ಬಂದದ್ದು ಒಂದು ಕಾರು, ಹೋಗುವುದು ಬೇರೆ ಕಾರಾ ಎಂದು ಕೇಳಿದರು. ಕಜೆಟನ್ ಸುತ್ತು ಬಂದು ನೋಡಿದರು. ನಾನು ಬೈಗುಳಕ್ಕೆ ತಯಾರಾದೆ. ಅವರು ನಕ್ಕರು, ಲಿಗೋರಿ. ಆ ಮನುಷ್ಯ ನಕ್ಕದ್ದನ್ನು ಕೇಳಿ ತೆರೆಸಾಬಾಯಿ ಹೆದರಿ ಓಡಿ ಬಂದರು.

ಮರುದಿನವೇ ಮುದ್ದು ನನ್ನನ್ನು ಕಣ್ಣಿನ ಡಾಕ್ಟರರಲ್ಲಿಗೆ ಎಳೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ. ಗಾಡಿಯ ಪ್ರತಿಯೊಂದು ಬೋಲ್ಟನ್ನೂ ನೋಡಿದೆ, ಡ್ರೈವರನನ್ನು ನೋಡಲು ನೆನಪಾಗಲಿಲ್ಲ. ನಮ್ಮ ಕಾನೂನಿನಲ್ಲಿ ಅವನ ಹೆಸರೇ ಇಲ್ಲವಲ್ಲ. ಡಿಸೆಂಬರಿನಲ್ಲಿ ಆಪರೇಷನ್, ಆಮೇಲೆ ದಪ್ಪ ಕನ್ನಡಕ. ಅಲ್ಲಿಯವರೆಗೆ ಓದುವುದು, ಬರೆಯುವುದು, ಕಾರು ಮೂರೂ ಬಂದ್. ಶಾಯಿ ಮಾಡುವವರನ್ನು, ಕರೆಂಟಿನವರನ್ನು ಸುಮ್ಮನೆ ಬೈದೆ, ಕ್ಷಮೆ ಕೇಳಿದೆನೆಂದು ತಿಳಿ.

ನಿನಗೆ ದೇವರು ಆರೋಗ್ಯ ಕೊಡಲಿ. ಬೇಗ ಒಂದು ರಜೆಯನ್ನೂ ಕೊಡಲಿ, ಕಂಪನಿ ಕೊಡದಿದ್ದರೆ ದೇವರೇ ಕೊಡಲಿ. ಜೂಲಿಗೆ, ಅಳಿಯನಿಗೆ ನಮ್ಮೆಲ್ಲರ ಆಶೀರ್ವಾದ ಯಾವಾಗಲೂ ಉಂಟು. ಬಲಬದಿಯ ಬಣ್ಣ ನೀನು ಬಂದ ಮೇಲೆ ಇಬ್ಬರೂ ಸೇರಿ ಹೊಡೆಯುವಾ.

ನಿನ್ನ,
ದುಗ್ಗಪ್ಪ

ತಾ.ಕ.: ಕಿನ್ನಿ ನೀರು ಸೇದಲು ಹೋಗಿದ್ದಾಳೆ. ಇದನ್ನು ನಾನೇ ಬರೆಯುತ್ತಿದ್ದೇನೆ, ಡಾಕ್ಟರಿಗೂ ಮುದ್ದುವಿಗೂ ಹೇಳಬೇಡ. ಅಕ್ಷರ ದೊಡ್ಡದಾಗಿ, ಒಂದರ ಮೇಲೊಂದು ಬಿದ್ದಿದ್ದರೆ ಹೇಗಾದರೂ ಓದಿಕೋ.

ಲಿಗೋರಿ, ಲೇಸು, ಓಲೆ, ಹಣೆಯ ಕೂದಲು, ಗುಳಿ, ಅದೆಲ್ಲ ಮುದ್ದು ಕಂಡದ್ದು. ಕಡಲನ್ನು ನೋಡಿದ್ದು ಜೂಲಿಯೇ ಆಮೇಲೆ ಹೇಳಿದ್ದು. ನಾನು ಕೇಳಿ ಕೇಳಿ ಬಾಯಿಪಾಠ ಮಾಡಿ ಕಿನ್ನಿಗೆ ಬರೆಸಿದೆ. ನನ್ನ ಪಕ್ಕದಲ್ಲಿ ಬಿಸಿಲಿನಲ್ಲಿ ಒಂದು ಬಿಳುಪು ಇತ್ತು, ಮಲ್ಲಿಗೆಯ ಪರಿಮಳ ಇತ್ತು. ಮುಖ ಕಾಣಲಿಲ್ಲ. ಅವಳ ಕೈ ಮಾತ್ರ ನನ್ನ ಕೈಯೊಳಗೆ ಇತ್ತು, ತಣ್ಣಗಿತ್ತು, ಇಳಿಜಾರಿನಲ್ಲಿ ಗಟ್ಟಿ ಹಿಡಿದಳು. ಮಾಮ, ನಾನು ಹೇಗೆ ಕಾಣ್ತೇನೆ, ಪಪ್ಪನಿಗೆ ಸರಿ ಬರೀತೀರಲ್ಲ ಎಂದು ಕೇಳಿದಳು. ಬರೀತೇನೆ ಮಗಾ ಎಂದೆ. ನೀನು ಕಡಲಾಚೆ ಇದ್ದು ನೋಡಲಿಲ್ಲ, ನಾನು ನಿನ್ನ ಜಾಗದಲ್ಲೇ ಕೂತು ನೋಡಲಿಲ್ಲ.

ಸ್ಟುಡಿಯೋದವರು ಫೋಟೋ ಕೊಟ್ಟ ಕೂಡಲೇ ತೆರೆಸಾಬಾಯಿ ನಿನಗೆ ಕಳಿಸುತ್ತಾರೆ. ಅದು ಮುಟ್ಟಿದಾಗ ಬೆಳಕಿನ ಹತ್ತಿರ ಹಿಡಿದು ಸರಿಯಾಗಿ ನೋಡು. ನಮ್ಮ ಮಗಳು ಹೇಗೆ ಕಂಡಳೆಂದು ಈ ಸಲ ನೀನು ನನಗೆ ಬರೆ. ಕಿನ್ನಿ ಓದಿ ಹೇಳುತ್ತಾಳೆ.